ಮೀನು ಉಗುಳಿದ್ದನ್ನು ಬರೆಯಿರಿ

ಪ್ರಿಯ ಲೇಖಕರೇ,

ನಮಸ್ಕಾರ. ನೀವು ಕಳಿಸಿದ ‘ನೇತ್ರಾವತಿಯ ಮೂಕ ರೋದನ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ನಾಲ್ಕನೇ ಪುಟದ ಒಂದೇ ಒಂದು ಸಾಲು. ಮನೆಯ ಹತ್ತಿರದ ಮದಕದಲ್ಲಿ (ಸಣ್ಣ ಕೆರೆಯಲ್ಲಿ) ಗೆಂಡೆ ಮೀನೊಂದು ಬಿಸ್ಕೆಟ್ ಪೊಟ್ಟಣದ ಚೂರನ್ನು ಬಾಯಿಗೆಳೆದು ಉಗುಳಿತು, ಮತ್ತೆ ಎಳೆದು ಮತ್ತೆ ಉಗುಳಿತು, ಮೂರನೇ ಸಲ ಹತ್ತಿರ ಬಂದು ಹಾಗೇ ತಿರುಗಿ ಹೋಯಿತು ಎಂದು ಬರೆದಿದ್ದೀರಿ. ಅದರ ಬೆನ್ನಿಗೇ ‘ಹೀಗೆ ಅಮಾಯಕ ಮೀನುಗಳು ಪ್ಲಾಸ್ಟಿಕ್ಕನ್ನು ಆಹಾರವೆಂದು ಭ್ರಮಿಸಿ ನುಂಗುತ್ತಿವೆ’ ಎಂದೂ ಬರೆದಿದ್ದೀರಿ.

ಆ ಮೀನು ನುಂಗಲಿಲ್ಲವಲ್ಲ. ನೀವು ಕಣ್ಣಾರೆ ಕಂಡದ್ದು ಒಂದು, ತೀರ್ಮಾನ ಮಾಡಿದ್ದು ಇನ್ನೊಂದು. ಲೇಖನದ ಮುಖ್ಯ ದೋಷ ಇದೇ. ಉಳಿದ ತಪ್ಪುಗಳೆಲ್ಲ ಇದರಿಂದಲೇ ಹುಟ್ಟಿವೆ.

ಗೆಂಡೆಯ ಬಾಯೊಳಗೆ ಏನಾಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಅದು ತಿನಿಸನ್ನು ಕಚ್ಚುವುದಿಲ್ಲ. ಬಾಯಿಯನ್ನು ಕೊಳವೆಯಂತೆ ಮುಂದೆ ಚಾಚಿ, ಕೆನ್ನೆಯನ್ನು ಒಮ್ಮೆಲೇ ಹಿಗ್ಗಿಸಿ, ನೀರಿನ ಸಮೇತ ಹೀರಿಕೊಳ್ಳುತ್ತದೆ. ಕೆಸರು, ಮರಳು, ಹುಳು, ಕೊಳೆತ ಎಲೆ ಎಲ್ಲವೂ ಒಟ್ಟಿಗೆ ಒಳಗೆ ಹೋಗುತ್ತವೆ. ಬೇಕಾದದ್ದು, ಬೇಡವಾದದ್ದು ಎಂಬ ವಿಂಗಡಣೆ ನಡೆಯುವುದು ಆಮೇಲೆ. ಅದರ ಅಂಗುಳದ ಹಿಂಭಾಗದಲ್ಲಿ ರುಚಿಮೊಗ್ಗುಗಳು ತುಂಬಿದ ಮಾಂಸದ ದಿಂಬು ಒಂದಿದೆ. ರುಚಿ ಹತ್ತಿದ ಕಡೆ ಆ ದಿಂಬು ಉಬ್ಬಿ, ಆ ತುಣುಕನ್ನು ಬಾಯಿಯ ತಳಕ್ಕೆ ಒತ್ತಿ ಹಿಡಿಯುತ್ತದೆ. ಹಿಡಿತಕ್ಕೆ ಸಿಗದ್ದೆಲ್ಲ ನೀರಿನೊಂದಿಗೆ ತೊಳೆದುಹೋಗುತ್ತದೆ: ಸಣ್ಣದು ಕಿವಿರಿನ ಸಂದಿನಿಂದ, ದೊಡ್ಡದು ಬಾಯಿಂದ. ಉಳಿದದ್ದು ಗಂಟಲ ಹಲ್ಲುಗಳಿಗೆ ಹೋಗಿ ಅರೆಯಲ್ಪಡುತ್ತದೆ. ಬೂತಾಯಿ ತಿನ್ನುವಾಗ ನಮ್ಮ ನಾಲಿಗೆ ಮುಳ್ಳನ್ನು ಬಾಯೊಳಗೇ ಹುಡುಕಿ ತುಟಿಯಂಚಿಗೆ ತರುತ್ತದಲ್ಲ, ಗೆಂಡೆ ಪ್ರತಿ ತುತ್ತಿಗೂ ಅದೇ ಕೆಲಸ ಮಾಡುತ್ತದೆ. ಹೀಗಿರುವಾಗ ಅದನ್ನು ‘ಅಮಾಯಕ’ ಎನ್ನುವುದು ಸರಿಯಲ್ಲ.

ಹಾಗಾದರೆ ಮೀನಿನ ಕರುಳಲ್ಲಿ ಪ್ಲಾಸ್ಟಿಕ್ ಸಿಗುವುದು ಹೇಗೆ? ನಿಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಇದು. ಉತ್ತರ ಆ ವಿಂಗಡಣೆಯ ಮಿತಿಯಲ್ಲಿದೆ. ಗಟ್ಟಿ ಚೂರು, ಗುಂಡು ಕಾಳು ಬಾಯಿಗೆ ತಾಗುತ್ತವೆ, ಹೊರಗೆ ಬೀಳುತ್ತವೆ. ಬಟ್ಟೆ ಒಗೆದ ನೀರಿನಿಂದ, ಬಲೆ ಮತ್ತು ಹಗ್ಗದಿಂದ ಬಿಡಿಬಿಡಿಯಾಗಿ ಉದುರುವ ಪ್ಲಾಸ್ಟಿಕ್ ಎಳೆ ಹಾಗಲ್ಲ. ಕೂದಲಿಗಿಂತ ತೆಳುವಾದ ಆ ಎಳೆ ಲೋಳೆಗೆ ಅಂಟಿ, ತಿನಿಸಿನ ತುಣುಕಿಗೆ ಸುತ್ತಿಕೊಂಡು ಒಳಗೆ ಜಾರುತ್ತದೆ. ಮೀನು ಎಳೆಯನ್ನು ಹುಡುಕಿಕೊಂಡು ಹೋಗಿ ತಿನ್ನುವುದಿಲ್ಲ, ಉಸಿರಾಡುವ ನೀರಿನೊಂದಿಗೆ ಅದು ತಾನಾಗಿ ಬಾಯಿಗೆ ಬರುತ್ತದೆ ಎಂದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬಂದ ಎಳೆಗಳನ್ನು ಮೀನುಗಳು ಲೋಳೆಯೊಂದಿಗೆ ಕೆಮ್ಮಿ ಹೊರಹಾಕುತ್ತಿದ್ದವು. ಆದರೆ ನೀರಿನಲ್ಲಿ ತಿನಿಸು ಇದ್ದಾಗ ಒಳಹೋದ ಎಳೆಗಳ ಸಂಖ್ಯೆ ಹೆಚ್ಚಿತ್ತು. ಊಟದ ಹೊತ್ತಿನಲ್ಲೇ ಬಾಗಿಲು ಸಡಿಲವಾಗುತ್ತದೆ ಎಂದಾಯಿತು. ಇದನ್ನು ಓದುಗರಿಗೆ ಹೇಳಿ. ‘ಭ್ರಮಿಸಿ ನುಂಗುತ್ತವೆ’ ಎಂಬುದಕ್ಕಿಂತ ಇದು ನಿಜ, ಮತ್ತು ಹೆಚ್ಚು ಕಳವಳದ ವಿಷಯ ಕೂಡ. ಕಣ್ಣಿಗೆ ಕಾಣುವ ಚೀಲವನ್ನು ಹೆಕ್ಕಿ ತೆಗೆಯಬಹುದು, ಎಳೆಯನ್ನು ಹೆಕ್ಕಲಾಗುವುದಿಲ್ಲ.

ಎಲ್ಲ ಮೀನೂ ಗೆಂಡೆಯಲ್ಲ ಎಂಬುದೂ ನೆನಪಿರಲಿ. ಮುಗುಡು ಮೀಸೆಯಿಂದ ತಡವಿ, ರುಚಿ ನೋಡಿ ತಿನ್ನುವ ಮೀನು. ಕೆಸರು ನೀರಲ್ಲೂ, ರಾತ್ರಿಯಲ್ಲೂ ಅದಕ್ಕೆ ದಾರಿ ತಪ್ಪುವುದಿಲ್ಲ. ಕಣ್ಣಿನಿಂದ ನೋಡಿ ಹಾರಿ ಹಿಡಿಯುವ ಮೀನು ಹುಳುವಿನ ಬಣ್ಣ, ಗಾತ್ರ ಇರುವ ಚೂರಿಗೆ ಮೋಸ ಹೋಗುವ ಸಂಭವ ಜಾಸ್ತಿ. ಕಾಟ್ಲಾ ಮೇಲ್ಮಟ್ಟದ ನೀರಿನ ಸೂಕ್ಷ್ಮ ಜೀವಿಗಳನ್ನು ಕಿವಿರಿನ ಬಾಚಣಿಗೆಯಿಂದ ಸೋಸಿ ತಿನ್ನುತ್ತದೆ, ಅದು ಒಂದೊಂದನ್ನೇ ಆರಿಸುವುದಿಲ್ಲ. ಯಾವ ಪ್ಲಾಸ್ಟಿಕ್ ಯಾವ ಮಟ್ಟದಲ್ಲಿರುತ್ತದೆ ಎಂಬುದನ್ನು ಇದಕ್ಕೆ ಜೋಡಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಹಾಲಿನ ತೊಟ್ಟೆಯ ಪಾಲಿಥಿನ್, ಪೊಟ್ಟಣದ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಸಾಂದ್ರತೆ (ನೀರಿನದ್ದು 1) 0.90ರಿಂದ 0.97; ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಮತ್ತು ಪಾಲಿಯೆಸ್ಟರ್ ಎಳೆ 1.38ರ ಆಸುಪಾಸು, ಮುಳುಗುತ್ತವೆ. ಪಾಚಿ ಹಿಡಿದರೆ ತೇಲುವುದೂ ಕ್ರಮೇಣ ತಳ ಸೇರುತ್ತದೆ. ಇದೇ ನೆಲೆಯಲ್ಲಿ ಕಾಟ್ಲಾಕ್ಕೆ ಒಂದು ವಾಕ್ಯವೃಂದ, ಗೆಂಡೆಗೆ ಒಂದು, ಮುಗುಡಿಗೆ ಒಂದು ಬರೆಯಬಹುದು.

ಈಗ ತೆಗೆದುಹಾಕಲೇಬೇಕಾದ ಸಂಗತಿಗಳು.

‘ಮರಿಮೀನುಗಳು ಸಹಜ ಆಹಾರ ಬಿಟ್ಟು ಪ್ಲಾಸ್ಟಿಕ್ಕನ್ನೇ ಆರಿಸಿಕೊಳ್ಳುತ್ತವೆಂದು ಸಾಬೀತಾಗಿದೆ’ ಎಂದು ಎರಡನೇ ಪುಟದಲ್ಲಿದೆ. ಇದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಯುರೋಪಿನ ಪರ್ಚ್ ಮೀನಿನ ಮರಿಗಳ ಮೇಲಿನ ಪ್ರಬಂಧದ ಮಾತು. ಮೂಲ ದತ್ತಾಂಶವೇ ಸಿಗದೆ ಪ್ರಶ್ನೆಗಳೆದ್ದು 2017ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಆದರೂ ಅದರ ಸುದ್ದಿ ಇವತ್ತಿಗೂ ಓಡಾಡುತ್ತಿದೆ, ನಿಮ್ಮ ಕೈಗೂ ಹಾಗೇ ಸಿಕ್ಕಿರಬೇಕು. ಯಾವುದೇ ಸಂಶೋಧನೆಯನ್ನು ಉಲ್ಲೇಖಿಸುವ ಮುನ್ನ ಪ್ರಬಂಧದ ಮೂಲ ಪುಟ ತೆರೆದು ‘ಹಿಂತೆಗೆಯಲಾಗಿದೆ’ ಎಂಬ ಗುರುತು ಇದೆಯೇ ನೋಡಿ. ಎರಡು ನಿಮಿಷದ ಕೆಲಸ.

ಮೂರನೇ ಪುಟದ ‘ದಿನವಿಡೀ ಪ್ಲಾಸ್ಟಿಕ್ ನೀರು ಕುಡಿಯುವ ನದಿಯ ಮೀನು’ ಕೂಡ ಹೋಗಬೇಕು. ಸಿಹಿನೀರಿನ ಮೀನು ನೀರು ಕುಡಿಯುವುದು ತೀರ ಕಡಿಮೆ. ಅದರ ರಕ್ತದಲ್ಲಿ ಹೊರಗಿನ ನೀರಿಗಿಂತ ಉಪ್ಪಿನಂಶ ಹೆಚ್ಚು, ಹಾಗಾಗಿ ನೀರು ಕಿವಿರಿನ ಮೂಲಕ ತಾನಾಗಿ ಒಳನುಗ್ಗುತ್ತದೆ. ಮೀನಿನ ಕಷ್ಟ ಅದನ್ನು ಹೊರಹಾಕುವುದು. ಸದಾ ನೀರು ಕುಡಿಯುತ್ತಿರಬೇಕಾದದ್ದು ಕಡಲಿನ ಮೀನು. ಕಡಲಿನ ಸಂಗತಿಯನ್ನು ನದಿಗೆ ತಂದು ಹಾಕುವುದು ನಿಮ್ಮ ಲೇಖನದಲ್ಲಿ ಪದೇ ಪದೇ ಆಗಿದೆ. ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ವಾಸನೆ ಮೀನನ್ನು ಸೆಳೆಯುತ್ತದೆ ಎಂಬ ಪ್ರಯೋಗವೂ ಕಡಲಿನ ಆಂಚೋವಿಯದ್ದು, ನಮ್ಮ ಕೊಲ್ಲತರುವಿನ ಬಳಗದ್ದು. ನಿಮ್ಮ ‘ನದಿ ಮೀನು’ಗಳ ಪಟ್ಟಿಯಲ್ಲಿ ಕಾಣೆ ಇದೆ, ಬಂಗುಡೆಯೂ ಇದೆ! ಬಂಗುಡೆ ಕಡಲಿನದ್ದು, ಕಾಣೆ ಕಡಲು ಮತ್ತು ಅಳಿವೆಯದ್ದು. ನೇತ್ರಾವತಿ ಮತ್ತು ಗುರುಪುರ ನದಿ ಸೇರಿ ಕಡಲಿಗಿಳಿಯುವ ಬೆಂಗ್ರೆಯ ಹತ್ತಿರ ಹಿಡಿದ ಮೀನನ್ನು ಸಿಹಿನೀರಿನ ಮೀನೆಂದು ಬರೆಯಲಾಗದು; ಅಲ್ಲಿ ಉಬ್ಬರದ ಉಪ್ಪುನೀರು ಬಂದು ಹೋಗುತ್ತಿರುತ್ತದೆ. ಸಿಹಿನೀರೇ ಬೇಕಿದ್ದರೆ ತುಂಬೆ ಅಣೆಕಟ್ಟಿನಿಂದ ಮೇಲಕ್ಕೆ ಹೋಗಿ. ಉಡುಪಿ ಕಡೆಯಾದರೆ ಸ್ವರ್ಣಾ ನದಿಯಲ್ಲಿ ಬಜೆ ಅಣೆಕಟ್ಟಿನಿಂದ ಮೇಲೆ.

‘ರೋಹುವಿನ ಜಠರದಲ್ಲಿ ಪ್ಲಾಸ್ಟಿಕ್ ರಾಶಿಯಾಗಿ’ ಎಂದಿದ್ದೀರಿ. ರೋಹು, ಕಾಟ್ಲಾ, ಗೆಂಡೆ, ಪೆರುವೋಳು, ಈ ಇಡೀ ಕುಟುಂಬಕ್ಕೆ ಜಠರವೇ ಇಲ್ಲ. ಗಂಟಲಿನಿಂದ ನೇರ ಕರುಳು. ಒಳಹೋದ ಎಳೆ, ಚೂರುಗಳಲ್ಲಿ ಹೆಚ್ಚಿನವು ಹಿಕ್ಕೆಯೊಂದಿಗೆ ಹೊರಬೀಳುತ್ತವೆ. ಕೊಯ್ದು ನೋಡಿದಾಗ ಕಂಡದ್ದು ಆ ಹೊತ್ತಿಗೆ ಕರುಳಲ್ಲಿದ್ದದ್ದು ಮಾತ್ರ. ಅದನ್ನು ಜೀವಮಾನದ ಸಂಗ್ರಹವೆಂದು ಬರೆಯಬೇಡಿ.

ಇನ್ನು ನಿಮ್ಮ ಪ್ರಯೋಗ. ಮಾರುಕಟ್ಟೆಯಿಂದ ಐದು ಮೀನು ತಂದು, ಅಡುಗೆಮನೆಯಲ್ಲಿ ಕೊಯ್ದು, ಭೂತಗನ್ನಡಿಯಲ್ಲಿ ನೋಡಿ, ಮೂರರಲ್ಲಿ ನೀಲಿ ಎಳೆ ಕಂಡು ‘ನೇತ್ರಾವತಿಯ ಶೇ 60ರಷ್ಟು ಮೀನು ಕಲುಷಿತ’ ಎಂದಿದ್ದೀರಿ. ನೋಡಬೇಕೆಂಬ ನಿಮ್ಮ ಆಸೆ ನಮಗೆ ನಿಜಕ್ಕೂ ಮೆಚ್ಚುಗೆಯಾಯಿತು. ಆದರೆ ಆ ಅಂಕಿ ನಿಲ್ಲುವುದಿಲ್ಲ. ಐದರಲ್ಲಿ ಮೂರು ಎಂದರೆ ನಿಜವಾದ ಪ್ರಮಾಣ ಶೇ 15ರಿಂದ 95ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮಾರುಕಟ್ಟೆಯ ಮೀನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ, ನೈಲಾನ್ ಬಲೆಯ ತುಂಡುಗಳ ನಡುವೆ ಬಿದ್ದಿರುತ್ತದೆ. ನೀಲಿ ಎಳೆ ನಿಮ್ಮ ಅಂಗಿಯದ್ದೂ ಆಗಿರಬಹುದು, ಹತ್ತಿಯದ್ದೂ ಆಗಿರಬಹುದು. ಬಣ್ಣ ಹಾಕಿದ ಹತ್ತಿ ಎಳೆಯನ್ನು ಕಣ್ಣಳತೆಯಲ್ಲಿ ಪ್ಲಾಸ್ಟಿಕ್ ಎಂದು ಎಣಿಸುವುದು ಈ ಕ್ಷೇತ್ರದ ಹಳೆಯ ತಪ್ಪು.

ಸರಿಯಾದ ಕ್ರಮ ಹೀಗಿದೆ. ಮೀನನ್ನು ಗಾಳ ಅಥವಾ ಬೀಸುಬಲೆ ಹಾಕುವವರ ಕೈಯಿಂದಲೇ ಪಡೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮಂಜುಗಡ್ಡೆಯಲ್ಲಿಟ್ಟು ಸಾಗಿಸಬೇಕು. ಕೊಯ್ಯುವವರು ಹತ್ತಿಯ ಬಿಳಿ ಕೋಟು ತೊಡಬೇಕು. ಮೈಯನ್ನು ಸೋಸಿದ ನೀರಲ್ಲಿ ತೊಳೆದು, ಗುದದ್ವಾರದಿಂದ ಕಿವಿರಿನವರೆಗೆ ಸೀಳಿ, ಕರುಳಿನ ಎರಡೂ ತುದಿ ಕಟ್ಟಿ ಹೊರತೆಗೆಯುತ್ತಾರೆ. ಗಾಜಿನ ಬೀಕರಿನಲ್ಲಿ ಅದರ ಗಾತ್ರಕ್ಕಿಂತ ಕನಿಷ್ಠ ಮೂರು ಪಟ್ಟು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ, ಬಾಯಿ ಮುಚ್ಚಿ, 40 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟರೆ ಮಾಂಸ ಕರಗಿ ಪ್ಲಾಸ್ಟಿಕ್ ಉಳಿಯುತ್ತದೆ. ಬೇಗ ಮುಗಿಸಲು ಶಾಖ ಏರಿಸಿದರೆ ಪಾಲಿಯೆಸ್ಟರ್ ಹಾಳಾಗುತ್ತದೆ. ನೈಟ್ರಿಕ್ ಆಮ್ಲ ಹಾಕಿದರೆ ನೈಲಾನ್ ಕರಗುತ್ತದೆ. ಹುಡುಕುತ್ತಿರುವುದನ್ನೇ ಕರಗಿಸಿ ‘ಇಲ್ಲ’ ಎಂದಂತಾಗುತ್ತದೆ. ಮರಳಿನಿಂದ ಬೇರ್ಪಡಿಸಲು ಅಡುಗೆ ಉಪ್ಪಿನ ಸಂತೃಪ್ತ ದ್ರಾವಣ ಸಾಕೆಂದುಕೊಳ್ಳುವುದು ಇನ್ನೊಂದು ತಪ್ಪು: ಅದರ ಸಾಂದ್ರತೆ 1.2, ಪೆಟ್ ಅದರಲ್ಲಿ ತೇಲುವುದೇ ಇಲ್ಲ. ಜಿಂಕ್ ಕ್ಲೋರೈಡ್‌ನಂಥ ಭಾರದ ದ್ರಾವಣ ಬೇಕು. ಕೊನೆಗೆ ಸೋಸಿ, ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಅನುಮಾನದ ಎಳೆಗಳನ್ನು ಎಫ್‌ಟಿಐಆರ್ ಅಥವಾ ರಾಮನ್ ಉಪಕರಣದಲ್ಲಿ (ಬೆಳಕು ಹಾಯಿಸಿ ವಸ್ತು ಯಾವುದೆಂದು ಹೇಳುವ ಯಂತ್ರಗಳಿವು) ಗುರುತಿಸುತ್ತಾರೆ. ಪ್ರತಿ ಸರದಿಗೆ ಮೀನಿಲ್ಲದ ಖಾಲಿ ಬೀಕರೊಂದನ್ನು ಜೊತೆಗೇ ನಡೆಸುತ್ತಾರೆ. ಅದರಲ್ಲೂ ನಾಲ್ಕು ಎಳೆ ಸಿಕ್ಕರೆ ಅವು ಕೋಣೆಯ ಗಾಳಿಯವು, ಮೀನಿನವಲ್ಲ.

ಇದನ್ನು ಮನೆಯಲ್ಲಿ ಮಾಡಬೇಡಿ. ಆ ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಮಂಗಳೂರಲ್ಲೇ 1969ರಿಂದ ಮೀನುಗಾರಿಕಾ ಕಾಲೇಜಿದೆ. ಅಲ್ಲಿನ ಅಧ್ಯಾಪಕರನ್ನು ಕಂಡು ಕೇಳಿ, ಒಂದು ದಿನ ನಿಂತು ನೋಡಿ, ಕಂಡದ್ದನ್ನು ಬರೆಯಿರಿ.

‘ಮೀನು ತಿಂದರೆ ಕ್ಯಾನ್ಸರ್ ಖಚಿತ’ ಎಂಬ ಕೊನೆಯ ಪುಟವನ್ನು ಪೂರ್ತಿ ಕೈಬಿಡಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಹೇಳಿದಂತೆ, ಕರುಳಿನ ಗೋಡೆ ದಾಟಬಲ್ಲದ್ದು 150 ಮೈಕ್ರೋಮೀಟರ್‌ಗಿಂತ ಸಣ್ಣ ಕಣ ಮಾತ್ರ. ನಮ್ಮಲ್ಲಿ ಮೀನಿನ ಕರುಳು ತೆಗೆದೇ ಅಡುಗೆ ಮಾಡುತ್ತಾರೆ. ಇಡಿಯಾಗಿ ತಿನ್ನುವ ಸಣ್ಣ ಒಣಮೀನಿನ ಪ್ರಶ್ನೆ ಬೇರೆ, ಅದನ್ನು ಬೇರೆಯಾಗಿಯೇ ಹೇಳಬೇಕು. ಆಧಾರವಿಲ್ಲದ ಹೆದರಿಕೆಯಿಂದ ಮೀನು ಮಾರುವ ಹೆಂಗಸರ ಬುಟ್ಟಿ ಖಾಲಿಯಾಗದೆ ಉಳಿದರೆ ಅದರ ಹೊಣೆ ಬರೆದವರದ್ದೂ ಪ್ರಕಟಿಸಿದವರದ್ದೂ ಆಗಿರುತ್ತದೆ.

ಶಿಶಿಲದ ಭಾಗ ಉಳಿಸಿಕೊಳ್ಳಿ, ಬೆಳೆಸಿ. ಅಲ್ಲಿನ ಕಪಿಲಾ ಹೊಳೆಯ ಮತ್ಸ್ಯತೀರ್ಥದಲ್ಲಿ ಭಕ್ತರು ಎಸೆಯುವ ಮಂಡಕ್ಕಿಗೆ ಪೆರುವೋಳುಗಳು ಗುಂಪುಗೂಡಿ ಮೇಲೆ ಬರುವುದನ್ನು ಚೆನ್ನಾಗಿ ಬರೆದಿದ್ದೀರಿ. ಇಲ್ಲೊಂದು ಯೋಚನೆಗೆ ಜಾಗವಿದೆ. ಪೆರುವೋಳು ಸಹಜವಾಗಿ ತಳದ ಕಲ್ಲುಗಳ ನಡುವೆ ಮೇಯುವ, ಮೀಸೆಯಿರುವ ಮೀನು. ಕೈತಿನಿಸಿಗೆ ಒಗ್ಗಿದ ಮೇಲೆ ತೇಲುವ, ಬೆಳ್ಳಗಿನ, ಹಗುರಾದ ಕಾಳಿಗೆ ಪೈಪೋಟಿಯಲ್ಲಿ ಬಾಯಿ ಹಾಕಲು ಕಲಿಯುತ್ತದೆ. ಥರ್ಮಾಕೋಲಿನ ಕಾಳೂ ತೇಲುತ್ತದೆ, ಬೆಳ್ಳಗಿದೆ, ಹಗುರಾಗಿದೆ. ನೂಕುನುಗ್ಗಲಿನಲ್ಲಿ ಮೀನಿಗೆ ಆರಿಸಲು ಸಮಯ ಎಷ್ಟು ಸಿಗುತ್ತದೆ? ಅಲ್ಲಿ ಕೂತು ಒಂದು ಗಂಟೆ ನೋಡಿ. ನೀರಿಗೆ ನೀವಾಗಿ ಏನನ್ನೂ ಹಾಕಬೇಡಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮೂಕ’ ಒಂಬತ್ತು ಸಲ, ‘ರಾಕ್ಷಸ ಪ್ಲಾಸ್ಟಿಕ್’ ಆರು ಸಲ ಬಂದಿದೆ. ತೆಗೆದರೆ ಏನೂ ನಷ್ಟವಿಲ್ಲ. ‘ಭಕ್ಷಣ ಪ್ರಕ್ರಿಯೆ’ ಎನ್ನುವ ಬದಲು ‘ತಿನ್ನುವಾಗ’ ಎನ್ನಿ.

ಮತ್ತೆ ನಿಮ್ಮ ಮದಕಕ್ಕೆ ಬರೋಣ. ಅಲ್ಲಿ ಕಂಡ ಗೆಂಡೆಗೆ ಮೀಸೆ ಎಷ್ಟು ಜೊತೆ? ಚೂರು ಉಗುರಿನಷ್ಟಿತ್ತೋ, ಅಕ್ಕಿಯಷ್ಟೋ? ಬಾಯೊಳಗೆ ಎಷ್ಟು ಹೊತ್ತು ಇತ್ತು? ಉಗುಳಿದ್ದು ಒಂದೇ ರಭಸಕ್ಕೋ, ಎರಡು ಮೂರು ಸಲ ಬಾಯಿ ಆಡಿಸಿದ ಮೇಲೋ? ಆಗ ಕಿವಿರಿನಿಂದ ಕೆಸರು ಹೊರಬಂತೋ? ಇವತ್ತಿನ ಫೋನುಗಳಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ನಿಧಾನಗತಿಯ ವಿಡಿಯೋ ಸಿಗುತ್ತದೆ, ಅದನ್ನೇ ಬಳಸಿ. ಬಿಸಿಲು ನೆತ್ತಿಗೇರುವ ಮೊದಲು ಹೋದರೆ ನೀರು ಅಷ್ಟು ಹೊಳೆಯುವುದಿಲ್ಲ. ಚೂರನ್ನು ಎತ್ತಿ ತಂದು ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೋ ತೆಗೆಯಿರಿ. ಕನಿಷ್ಠ ಇಪ್ಪತ್ತು ಸಲ ಬಾಯಿಗೆ ಹಾಕಿದ್ದನ್ನು ಎಣಿಸಿ, ಅದರಲ್ಲಿ ಎಷ್ಟು ಉಗುಳಿತು, ಎಷ್ಟು ಹೋಯಿತು ಎಂದು ದಿನಾಂಕ ಹಾಕಿ ಬರೆದಿಡಿ. 1,200 ಪದದೊಳಗೆ ಮುಗಿಸಿ ಕಳಿಸಿ. ಮಳೆ ಹಿಡಿದರೆ ಮದಕದ ನೀರು ಕೆಂಪಾಗಿ ಮೀನು ಕಾಣುವುದಿಲ್ಲ. ಅದಕ್ಕೆ ಮೊದಲೇ ಹೋಗಿ.

ವಿಶ್ವಾಸದಿಂದ,
ಸಂಪಾದಕ ಬಳಗ, ಮಂಗಳೂರು