ಬಣ್ಣ ಬರೆದಿದ್ದೀರಿ, ಗುರುತು ಬರೆದಿಲ್ಲ

ತೀರ್ಥಹಳ್ಳಿಯಿಂದ ಲೇಖನ ಕಳಿಸಿದ ಗೆಳತಿಗೆ,

ನಮಸ್ಕಾರ. ನಿಮ್ಮ ‘ಕಡಲಾಳದ ಬಣ್ಣದ ಲೋಕ’ ಓದಿದೆ. ಫೋಟೊಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ, ಆಮೇಲೆ ಮತ್ತೆ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಿಬಿಡುವ ಲೇಖನವೂ ಅದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇರೆ ಬರಹಗಾರರಿಗೂ ಉಪಯೋಗವಾಗಲಿ ಎಂದು, ನೀವು ಒಪ್ಪಿದ ಮೇಲೆ, ನಿಮ್ಮ ಹೆಸರು ಬಿಟ್ಟು ಈ ಪುಟದಲ್ಲೇ ಹಾಕುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ಇಷ್ಟು. ಇವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಲ್ಲಿ ಮುಳುಗುವುದನ್ನು, ಕಲಿತವರು. ಆಮೇಲೆ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲೂ ನೀರಿಗಿಳಿದಿದ್ದಾರೆ. ಎರಡೂ ಕಡೆ ಕಂಡ ಸೀ ಸ್ಲಗ್‌ಗಳ ಬಗ್ಗೆ ಬರೆದಿದ್ದಾರೆ. ಸೀ ಸ್ಲಗ್ ನಮ್ಮ ತೋಟದ ಬಸವನಹುಳುವಿನ ದೂರದ ನೆಂಟ. ಅವುಗಳಲ್ಲಿ ನ್ಯೂಡಿಬ್ರಾಂಕ್ ಎಂಬ ಗುಂಪಿಗೆ ಮರಿಯಾಗಿದ್ದಾಗ ಚಿಪ್ಪು ಇರುತ್ತದೆ, ಬೆಳೆಯುವಾಗ ಕಳಚಿಹೋಗುತ್ತದೆ. ಈ ಒಂದು ಗುಂಪಿನಲ್ಲೇ ಸುಮಾರು 3,000 ಪ್ರಭೇದಗಳು ಗೊತ್ತಾಗಿವೆ. ಲೇಖನದ ಜೊತೆ ನಾಲ್ಕು ಫೋಟೊ ಇವೆ. ಪ್ರತಿಯೊಂದರ ಕೆಳಗೂ ಒಂದು ಲ್ಯಾಟಿನ್ ಹೆಸರಿದೆ.

ತೊಂದರೆ ಇರುವುದು ಆ ಹೆಸರುಗಳಲ್ಲೇ. ‘ಕಣ್ಣು ಕುಕ್ಕುವ ಹಳದಿ’, ‘ಮನ ಸೆಳೆವ ನೀಲಿ’ ಎಂದು ಬರೆಯುತ್ತೀರಿ. ಬಣ್ಣ ಮುಗಿದ ಕೂಡಲೇ ಹೆಸರು ಬಂದುಬಿಡುತ್ತದೆ. ನಡುವೆ ಏನಾಯಿತು? ಏನು ನೋಡಿ ಅದೇ ಅಂದಿರಿ? ಬೇರೆ ಯಾವುದು ಇರಬಹುದಿತ್ತು, ಅದು ಅಲ್ಲ ಅಂತ ಹೇಗೆ ಗೊತ್ತಾಯಿತು? ನನಗೆ ಬೇಕಾದ ಲೇಖನ ಅಲ್ಲಿದೆ. ಅದನ್ನು ನೀವು ಬರೆದೇ ಇಲ್ಲ.

ನೀವು ಮಲೆನಾಡಿನವರು. ಮಳೆಗಾಲದಲ್ಲಿ ಯಾರಾದರೂ ಅಣಬೆ ತಂದರೆ ಮನೆಯ ಹಿರಿಯರು ಬಣ್ಣ ಚೆನ್ನಾಗಿದೆ ಎಂದು ಒಲೆ ಮೇಲೆ ಇಡುವುದಿಲ್ಲ. ಎಲ್ಲಿ ಎದ್ದಿತ್ತು, ಹುತ್ತದ ಮೇಲಾ, ಕೊಳೆತ ಮರದ ಮೇಲಾ ಎಂದು ಮೊದಲು ಕೇಳುತ್ತಾರೆ. ಮಗುಚಿ ಕೊಡೆಯ ಅಡಿ ನೋಡುತ್ತಾರೆ. ಬುಡ ನೋಡುತ್ತಾರೆ. ಆಮೇಲೆ ಹೆಗ್ಗಾಲಣಬೆ ಹೌದೋ ಅಲ್ಲವೋ ಹೇಳುತ್ತಾರೆ. ಸಂಶಯ ಇದ್ದರೆ ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಸೀ ಸ್ಲಗ್ ಗುರುತಿಸುವಾಗಲೂ ಇದೇ ಕ್ರಮ ಬೇಕು.

ನಿಮ್ಮ ಮೂರನೇ ಫೋಟೊ ತೆಗೆದುಕೊಳ್ಳಿ. ಹ್ಯಾವ್‌ಲಾಕ್‌ನದ್ದು. ಕಪ್ಪು ಮೈ, ಮೇಲೆ ಉಬ್ಬು ಉಬ್ಬು. ‘ಹಳದಿ ಉಬ್ಬುಗಳ ಫಿಲಿಡಿಯಾ ವೆರಿಕೋಸಾ’ ಎಂದು ಬರೆದಿದ್ದೀರಿ. ಹೆಸರು ದೊಡ್ಡದೇ. ಫ್ರೆಂಚ್ ವಿಜ್ಞಾನಿ ಲಮಾರ್ಕ್ 1801ರಲ್ಲಿ ಇಟ್ಟದ್ದು. ಆದರೆ ಚಿತ್ರದ ಮೂಲೆಯಲ್ಲಿ ನಿಮ್ಮ ಕೈಗವಸು ಕಾಣುತ್ತದೆ. ಅದರ ಬಿಳಿ ಪಟ್ಟಿಯೂ ಹಳದಿಯಾಗಿದೆ. ಪಕ್ಕದ ಮರಳೂ ಹಳದಿ. ಅಂದರೆ ಆಮೇಲೆ ಮೊಬೈಲಿನಲ್ಲಿ ಬಣ್ಣ ಏರಿಸಿದ್ದೀರಿ. ನೀರು ಮೊದಲು ಕೆಂಪನ್ನು ನುಂಗುತ್ತದೆ. 5 ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಮಂಕಾಗುತ್ತದೆ. 15 ಮೀಟರ್‌ನಲ್ಲಿ ಕೆಂಪು ವಸ್ತು ಕಂದು-ಬೂದಾಗಿ ಕಾಣುತ್ತದೆ. ಹತ್ತಿರದಿಂದ ಟಾರ್ಚ್ ಅಥವಾ ಫ್ಲ್ಯಾಶ್ ಬಿಟ್ಟರೆ ಮಾತ್ರ ಅದರ ನಿಜವಾದ ಬಣ್ಣ ತಿರುಗಿ ಬರುತ್ತದೆ. ನಿಮ್ಮ ಫೋಟೊ ಬೆಳಕಿಲ್ಲದೆ ತೆಗೆದದ್ದು. ಹಾಗಾಗಿ ಅದರಲ್ಲಿರುವ ಹಳದಿಯನ್ನು ನಾನು ನಂಬುವುದಿಲ್ಲ.

ಬಣ್ಣ ಬಿಟ್ಟು ಬೇರೆ ಏನು ಇದೆ ನೋಡೋಣ. ತಲೆಯ ಮೇಲೆ ಎರಡು ಕೊಂಬು ಇವೆ. ಇವುಗಳಿಗೆ ರೈನೋಫೋರ್ ಅನ್ನುತ್ತಾರೆ, ನೀರಿನಲ್ಲಿ ವಾಸನೆ ಹಿಡಿಯುವ ಅಂಗ. ನಿಮ್ಮ ಫೋಟೊದಲ್ಲಿ ಅವು ಕಪ್ಪಾಗಿವೆ. ಎಷ್ಟು ಬಣ್ಣ ಏರಿಸಿದರೂ ಕಪ್ಪು ಹಾಗೇ ಉಳಿದಿದೆ. ವೆರಿಕೋಸಾಗೆ ಕೊಂಬು ಹಳದಿ. ಅದರ ಉಬ್ಬುಗಳು ಉದ್ದುದ್ದ ನೀಲಿ-ಬೂದು ದಿಂಡುಗಳ ಮೇಲೆ ಸಾಲಾಗಿ ಕೂತಿರುತ್ತವೆ. ನಿಮ್ಮದರಲ್ಲಿ ಉಬ್ಬುಗಳು ಗುಂಪು ಗುಂಪಾಗಿವೆ. ಇದು ಅದೇ ಕುಟುಂಬದ ಬೇರೊಂದು ಜಾತಿ, ಫಿಲಿಡಿಯೆಲ್ಲಾ. ಉಬ್ಬುಗಳು ನಿಜಕ್ಕೂ ತಿಳಿ ಗುಲಾಬಿ ಇದ್ದಿರಬೇಕು. ಇಂಥದ್ದನ್ನು ಕಂಡರೆ ಡೈವರ್‌ಗಳು ಸಾಮಾನ್ಯವಾಗಿ ಫಿಲಿಡಿಯೆಲ್ಲಾ ಪಸ್ಟುಲೋಸಾ ಅಂದುಬಿಡುತ್ತಾರೆ. ಆದರೆ ಆ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆ ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ. ಆದ್ದರಿಂದ ‘ಫಿಲಿಡಿಯೆಲ್ಲಾ ಜಾತಿಯದು’ ಎಂದು ಬರೆದು ಅಲ್ಲಿಗೇ ನಿಲ್ಲಿಸಿ. ಪೂರ್ತಿ ಹೆಸರು ಕೊಡದಿದ್ದರೆ ಲೇಖನಕ್ಕೆ ತೂಕ ಇರುವುದಿಲ್ಲ ಎಂದು ನೀವು ಅಂದುಕೊಂಡಂತಿದೆ. ನನ್ನ ಲೆಕ್ಕ ಬೇರೆ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವ ಬರಹಗಾರರ ಉಳಿದ ಮಾತನ್ನೂ ನಾನು ನಂಬುತ್ತೇನೆ.

ಈ ಕುಟುಂಬದ ಬೆನ್ನ ಮೇಲೆ ಕಿವಿರು ಕಾಣುವುದಿಲ್ಲ. ಅಂಚಿನ ಕೆಳಗೆ, ಪಕ್ಕೆಯುದ್ದಕ್ಕೂ ಇರುತ್ತದೆ. ಇದನ್ನೂ ಬರೆಯಬಹುದಿತ್ತು. ಇನ್ನೊಂದು ವಿಷಯ ನಿಮ್ಮ ಓದುಗರಿಗೆ ಖಂಡಿತ ಇಷ್ಟವಾಗುತ್ತದೆ. ಕಡಲ ಸೌತೆ ಎಂಬ ಪ್ರಾಣಿಗಳಲ್ಲಿ ಪಿಯರ್ಸೊನೊಥೂರಿಯಾ ಎಂಬುದರ ಮರಿ ಥೇಟ್ ಫಿಲಿಡಿಯಾ ವೆರಿಕೋಸಾದ ವೇಷ ಹಾಕಿಕೊಂಡಿರುತ್ತದೆ. ಫಿಲಿಡಿಯಾದ ಮೈಯಲ್ಲಿ ವಿಷ ಇರುವುದರಿಂದ ಮೀನುಗಳು ಅದರ ತಂಟೆಗೆ ಹೋಗುವುದಿಲ್ಲ. ಅದೇ ರಕ್ಷಣೆ ಈ ಮರಿಗೂ ಸಿಗುತ್ತದೆ. ಬಣ್ಣ ನಂಬಿದರೆ ಮೀನೂ ಮೋಸ ಹೋಗುತ್ತದೆ, ಡೈವರ್ ಕೂಡ.

ಮೊದಲ ಫೋಟೊ, ನೇತ್ರಾಣಿಯದ್ದು, ಸೀ ಸ್ಲಗ್ಗೇ ಅಲ್ಲ. ಅದು ಚಪ್ಪಟೆ ಹುಳು. ಮೈ ತೀರಾ ತೆಳು, ಅಂಚು ಪೂರ್ತಿ ನಿರಿಗೆ. ಕಿವಿರು ಇಲ್ಲವೇ ಇಲ್ಲ. ನೀವು ಕೊಂಬು ಅಂದುಕೊಂಡದ್ದು ಮುಂದಿನ ಅಂಚೇ ಮಡಚಿ ಮೇಲೆದ್ದದ್ದು. ನಿಜವಾದ ರೈನೋಫೋರ್ ಅಂಚಿನಿಂದ ಹಿಂದೆ, ಬೆನ್ನಿನಿಂದ ಬೇರೆಯಾಗಿ ಎದ್ದು ನಿಂತಿರುತ್ತದೆ. ಇದನ್ನು ತೆಗೆದುಹಾಕಿ. ಇಲ್ಲವಾದರೆ ಉಳಿಸಿಕೊಂಡು, ಯಾಕೆ ಸ್ಲಗ್ ಅಲ್ಲ ಎಂದೇ ಬರೆಯಿರಿ. ಎರಡನೆಯದು ಜಾಸ್ತಿ ಒಳ್ಳೆಯದು, ಯಾಕೆಂದರೆ ಹೊಸದಾಗಿ ನೀರಿಗಿಳಿದವರಿಗೆ ಆಗುವ ಗೊಂದಲವೇ ಇದು.

ಎರಡನೇ ಫೋಟೊದ ಪುಟಕ್ಕೆ ಬಂದಾಗ ನನಗೆ ಖುಷಿಯಾಯಿತು. ನಿಮ್ಮ ಸಾಲುಗಳನ್ನು ಇಲ್ಲಿ ಹಾಗೇ ಕೊಡುತ್ತೇನೆ: ‘ನಾನು ಹತ್ತಿರ ಹೋದಾಗ ನೀರು ಅಲುಗಿತು. ಬೆನ್ನ ಮೇಲಿದ್ದ ಹೂವು ಒಮ್ಮೆಲೇ ಒಳಗೆ ಹೋಯಿತು. ಉಸಿರು ಬಿಗಿಹಿಡಿಯದೆ ಮೆಲ್ಲಗೆ ಉಸಿರಾಡುತ್ತಾ ಕಾದೆ. ಒಂದೊಂದೇ ಎಸಳು ಹೊರಗೆ ಬಂತು.’ ಇಡೀ ಲೇಖನದಲ್ಲಿ ಇದಕ್ಕಿಂತ ಒಳ್ಳೆಯ ಭಾಗ ಇಲ್ಲ. ಒಂದೇ ಒಂದು ವಿಶೇಷಣ ಇಲ್ಲ, ಆದರೂ ನನಗೆ ಎಲ್ಲ ಕಂಡಿತು. ಸ್ಕೂಬಾದಲ್ಲಿ ಉಸಿರು ಬಿಗಿಹಿಡಿಯಬಾರದು ಎಂಬುದನ್ನೂ ಪಾಠ ಮಾಡದೆ ಹೇಳಿಬಿಟ್ಟಿದ್ದೀರಿ.

ಅಷ್ಟೇ ಅಲ್ಲ, ಗುರುತಿನ ಸಾಕ್ಷಿಯೂ ಅದರಲ್ಲೇ ಇದೆ. ಆ ಹೂವು ಕಿವಿರು. ಡೋರಿಡ್ ಎಂಬ ಬಗೆಯ ಹೆಚ್ಚಿನ ನ್ಯೂಡಿಬ್ರಾಂಕ್‌ಗಳಲ್ಲಿ ಅದು ಬೆನ್ನಿನ ಹಿಂಭಾಗದಲ್ಲಿ, ಗುದದ್ವಾರದ ಸುತ್ತ ಇರುತ್ತದೆ. ಅದನ್ನು ಒಂದೇ ಚೀಲದೊಳಗೆ ಪೂರ್ತಿ ಎಳೆದುಕೊಳ್ಳುವವು ಕೆಲವು, ಎಳೆದುಕೊಳ್ಳಲಾಗದವು ಕೆಲವು. ನಿಮ್ಮದು ಎಳೆದುಕೊಂಡಿತು. ಅಲ್ಲಿಗೆ ಎಷ್ಟೋ ಗುಂಪುಗಳು ಪಟ್ಟಿಯಿಂದ ಹೊರಗೆ ಹೋದವು. ‘ಸ್ಪ್ಯಾನಿಷ್ ಡ್ಯಾನ್ಸರ್’ ಎಂದು ಡೈವರ್‌ಗಳು ಕರೆಯುವ ದೊಡ್ಡ ಕೆಂಪು ಸ್ಲಗ್, ಹೆಕ್ಸಾಬ್ರಾಂಕಸ್, ಹೀಗೆ ಮಾಡಲಾರದು. ಅದರ ಕಿವಿರಿನ ಕುಚ್ಚುಗಳು ಬೆನ್ನಿನಿಂದ ಬೇರೆ ಬೇರೆಯಾಗಿ ಎದ್ದಿರುತ್ತವೆ, ಎಲ್ಲಕ್ಕೂ ಸೇರಿ ಒಂದು ಚೀಲ ಇಲ್ಲ. ಇನ್ನು ಕಿವಿರಿನ ಹೂವೇ ಇಲ್ಲದೆ ಬೆನ್ನ ತುಂಬ ಬೆರಳಿನಂಥ ಎಳೆಗಳಿದ್ದರೆ ಅದು ಇಯೋಲಿಡ್ ಬಗೆ. ಅವು ಹೈಡ್ರಾಯ್ಡ್‌ನಂಥ ಕುಟುಕುವ ಜೀವಿಗಳನ್ನು ತಿಂದು, ಅವುಗಳ ಕುಟುಕು ಕೋಶಗಳನ್ನು ಜೀರ್ಣ ಮಾಡದೆ ಆ ಎಳೆಗಳ ತುದಿಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ತಮ್ಮ ರಕ್ಷಣೆಗೆ ಅದನ್ನೇ ಬಳಸುತ್ತವೆ. ಇಷ್ಟು ಒಳ್ಳೆಯ ಸಾಮಗ್ರಿ ಕೈಯಲ್ಲಿ ಇಟ್ಟುಕೊಂಡು ‘ನಿಸರ್ಗದ ವಿಸ್ಮಯ’ ಎಂದು ಬರೆದು ಮುಂದೆ ಹೋಗಿದ್ದೀರಲ್ಲ!

ಅದೇ ಜೀವಿಗೆ ನೀವು ಕೊಟ್ಟ ಹೆಸರು ಕ್ರೋಮೊಡೋರಿಸ್ ಆನೇ. ನೀಲಿ ಮೈ, ಕಪ್ಪು ಗೆರೆ, ಕಿತ್ತಳೆ ಅಂಚು ಎಂಬುದೇ ಆಧಾರ. ಅದೇ ಇರಬಹುದು. ಆದರೆ ಈ ಬಣ್ಣದ ಕ್ರೋಮೊಡೋರಿಸ್‌ಗಳು ಒಂದೆರಡಲ್ಲ. ಕಾರಾ ಲೇಟನ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನದಲ್ಲಿ ಒಂದೇ ಪ್ರಭೇದ ಹಲವು ವಿನ್ಯಾಸಗಳಲ್ಲಿ ಇರುವುದು, ಬೇರೆ ಬೇರೆ ಪ್ರಭೇದಗಳು ಒಂದೇ ಥರ ಕಾಣುವುದು ಎರಡೂ ಕಂಡಿವೆ. ಹಾಗಾಗಿ ‘ಆನೇ ಇರಬಹುದು’ ಅನ್ನಿ, ಯಾಕೆ ಅಂತಲೂ ಹೇಳಿ. ನಾಲ್ಕನೇ ಫೋಟೊ ಬಗ್ಗೆ ತಕರಾರಿಲ್ಲ. ಬಿಳಿ ಬೆನ್ನು, ಸುತ್ತ ಕಡುಗೆಂಪು ಅಲೆ, ಹೊರಗೆ ಕಿತ್ತಳೆ ಅಂಚು, ಕೊಂಬು ಕಪ್ಪು, ಎಲ್ಲ ಸರಿಯಾಗಿದೆ. ನೀವು ನೋಡಿದ ಪುಸ್ತಕ ಮಾತ್ರ ಹಳೆಯದು. ಕ್ರೋಮೊಡೋರಿಸ್ ಫಿಡೆಲಿಸ್ ಈಗ ಗೋನಿಯೋಬ್ರಾಂಕಸ್ ಫಿಡೆಲಿಸ್. 2012ರಲ್ಲಿ ಈ ಕುಟುಂಬದ ಹೆಸರುಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದ್ದಾರೆ.

ಒಂದು ಮಾತು ಬೇಸರದಿಂದಲೇ ಹೇಳುತ್ತೇನೆ. ‘ಒಳ್ಳೆಯ ಹಿನ್ನೆಲೆಗಾಗಿ ಅದನ್ನು ಎತ್ತಿ ಬಿಳಿ ಮರಳಿನ ಮೇಲೆ ಇಟ್ಟೆ’ ಎಂದು ಮೂರನೇ ಫೋಟೊದ ಬಗ್ಗೆ ಬರೆದಿದ್ದೀರಿ. ಹಾಗೆ ಮಾಡಬೇಡಿ. ಅದು ಬೆರಳುದ್ದದ, ಎಲುಬಿಲ್ಲದ, ಚಿಪ್ಪೂ ಇಲ್ಲದ ಜೀವ. ಕೂತಿದ್ದ ಕಡೆ ಅದರ ಊಟ ಇತ್ತು. ಫಿಲಿಡಿಯೆಲ್ಲಾವೂ ಡೋರಿಡ್ ಬಗೆಯದೇ. ಡೋರಿಡ್‌ಗಳಲ್ಲಿ ಹೆಚ್ಚಿನವು ಸ್ಪಂಜು, ಅಂದರೆ ಕಡಲ ತಳದಲ್ಲಿ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಪ್ರಾಣಿ, ತಿಂದು ಬದುಕುತ್ತವೆ, ಅದೂ ಎಷ್ಟೋ ಸಲ ಕೆಲವೇ ಬಗೆಯ ಸ್ಪಂಜು. ಅದರ ವಿಷವನ್ನೇ ಮೈಯಲ್ಲಿ ಇಟ್ಟುಕೊಂಡು ಕಾಪಾಡಿಕೊಳ್ಳುತ್ತವೆ. ಸ್ಪಂಜಿನಿಂದ ಎತ್ತಿ ಮರಳಿಗೆ ಹಾಕಿದರೆ ಅದು ಮತ್ತೆ ತೆವಳಿ ಅಲ್ಲಿಗೆ ಸೇರಬೇಕು. ಜೊತೆಗೆ ಏನರ ಮೇಲೆ ಕೂತಿತ್ತು ಎಂಬ ಗುರುತೂ ಹೋಯಿತು. ನಾವು ಅಂಥ ಫೋಟೊ ಪ್ರಕಟಿಸುವುದಿಲ್ಲ, ಎಷ್ಟೇ ಚೆನ್ನಾಗಿರಲಿ.

‘ಈ ಬಣ್ಣಗಳಿಂದ ಅವು ಸಂಗಾತಿಯನ್ನು ಸೆಳೆಯುತ್ತವೆ’ ಎಂಬ ಸಾಲನ್ನು ಹೊಡೆದುಹಾಕಿ. ಅವುಗಳ ಕಣ್ಣು ಚರ್ಮದ ಕೆಳಗಿರುವ ಚುಕ್ಕೆಗಳು. ಬೆಳಕು, ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುವುದಿಲ್ಲ. ತಮ್ಮ ಬಣ್ಣವನ್ನು ತಾವೇ ನೋಡಲಾರವು. ಅವು ಸಂಗಾತಿಯನ್ನು ಹುಡುಕುವುದು ವಾಸನೆ ಹಿಡಿದು, ಲೋಳೆಯ ಜಾಡು ಹಿಡಿದು. ಪ್ರತಿಯೊಂದರಲ್ಲೂ ಗಂಡು ಹೆಣ್ಣು ಎರಡೂ ಇವೆ. ಬಲಪಕ್ಕೆಗೆ ಬಲಪಕ್ಕೆ ತಾಗಿಸಿ ಕೂಡುತ್ತವೆ. ನೋಡಿ, ನಿಜ ಸಂಗತಿ ನಿಮ್ಮ ಕಲ್ಪನೆಗಿಂತ ಚೆನ್ನಾಗಿದೆ ಅಲ್ವಾ?

‘ಈ ಜೀವಿಗಳ ಬಗ್ಗೆ ನಮ್ಮ ದೇಶದಲ್ಲಿ ಯಾರೂ ಗಮನ ಕೊಟ್ಟಿಲ್ಲ’ ಎಂದೂ ಬರೆದಿದ್ದೀರಿ. ಅದು ತಪ್ಪು. ಕನ್ನಡ ಶಾಸನಗಳನ್ನು ರಾಶಿಗಟ್ಟಲೆ ಪ್ರತಿ ಮಾಡಿಸಿದ ವಾಲ್ಟರ್ ಎಲಿಯಟ್ ಹೆಸರು ಕೇಳಿರಬಹುದು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಕಿತ್ತೂರಿನಲ್ಲಿ ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಬ್ರಿಟಿಷ್ ಅಧಿಕಾರಿಗಳಲ್ಲಿ ಆತನೂ ಒಬ್ಬ. ಅದೇ ಎಲಿಯಟ್ ಮುಂದೆ ವಿಶಾಖಪಟ್ಟಣದ ಕಡೆ ಇದ್ದಾಗ ಸೀ ಸ್ಲಗ್‌ಗಳನ್ನು ಸಂಗ್ರಹಿಸಿದ. ಅಲ್ಲಿಯ ಚಿತ್ರಕಾರರಿಂದ ಬಣ್ಣದಲ್ಲಿ ಬರೆಸಿದ. ಯಾಕೆಂದರೆ ಸ್ಪಿರಿಟ್‌ನಲ್ಲಿ ಹಾಕಿದರೆ ಇವುಗಳ ಬಣ್ಣ ಹೋಗಿಬಿಡುತ್ತದೆ. ಆ ಚಿತ್ರ, ಟಿಪ್ಪಣಿ, ಮಾದರಿಗಳನ್ನು ಇಟ್ಟುಕೊಂಡು ಇಂಗ್ಲೆಂಡಿನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾಂಕಾಕ್ 1864ರಲ್ಲಿ ಪ್ರಬಂಧ ಪ್ರಕಟಿಸಿದರು. ಬ್ರಿಟಲ್ ಸ್ಟಾರ್ ಎಂಬ ನಕ್ಷತ್ರಮೀನಿನ ನೆಂಟನನ್ನು ತಿನ್ನುವ ಕಳಿಂಗ ಒರ್ನಾಟಾ ಎಂಬ ಸ್ಲಗ್‌ಗೆ ಹೆಸರು ಸಿಕ್ಕಿದ್ದು ಆಗಲೇ. ತಾವು ಜೀವಂತ ನೋಡದ ಪ್ರಾಣಿಗಳನ್ನು ಅವರು ಬೇರ್ಪಡಿಸಿ ಹೆಸರಿಸಲು ಆದದ್ದು, ನೋಡಿದವರು ಸರಿಯಾಗಿ ಬರೆದಿಟ್ಟಿದ್ದರಿಂದ. ನೀವೂ ನೀರಿನೊಳಗೆ ಬರೆಯುವ ಸ್ಲೇಟ್‌ನಲ್ಲಿ ಬರೆದುಕೊಳ್ಳಿ. ಆಳ ಎಷ್ಟು, ಉದ್ದ ಎಷ್ಟು, ಏನರ ಮೇಲೆ ಇತ್ತು, ಕೊಂಬು ಹೇಗೆ, ಕಿವಿರು ಹೇಗೆ, ಮುಟ್ಟದೆ ಹತ್ತಿರ ಹೋದಾಗ ಏನು ಮಾಡಿತು. ಫೋಟೊ ಕೂಡ ಮೇಲಿನಿಂದ ಒಂದೇ ಸಾಲದು. ಪಕ್ಕದಿಂದ ಒಂದು, ತಲೆಯ ಹತ್ತಿರ ಒಂದು, ಕಿವಿರಿನದ್ದು ಒಂದು ಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸಾಗರವೆಂಬ ಅನಂತ ರಹಸ್ಯ’ದಿಂದ ಶುರುವಾಗುವ ಮೊದಲ ಮೂರು ಪ್ಯಾರಾ ಬೇಡ. ನಮ್ಮ ಓದುಗರು ಹೊಸನಗರದಲ್ಲಿ, ಸಾಗರದಲ್ಲಿ, ಕೊಪ್ಪದಲ್ಲಿ ಇದ್ದಾರೆ. ಹೆಚ್ಚಿನವರು ಕಡಲೊಳಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಅವರಿಗೆ ಕಡಲು ಅನಂತ ಎಂದು ಹೇಳಿ ಏನೂ ಆಗದು. ನಿಮ್ಮ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ, ಮುರ್ಡೇಶ್ವರ ಅಲ್ಲಿಂದ ತುಸು ದಕ್ಷಿಣಕ್ಕೆ. ನಮ್ಮಲ್ಲಿ ಮಳೆ ಹಿಡಿದಾಗ ನೇತ್ರಾಣಿಗೆ ದೋಣಿ ನಿಲ್ಲುತ್ತದೆ. ಮಳೆ ಬಿಟ್ಟ ಮೇಲೆ ಡೈವಿಂಗ್ ಮತ್ತೆ ಶುರು. ಹೀಗೆ ಹೇಳಿದರೆ ಆ ಕಡಲು ಅವರಿಗೆ ಹತ್ತಿರವಾಗುತ್ತದೆ. ಕಿವಿರು ಒಳಗೆ ಹೋದ ಸಾಲಿನಿಂದ ಶುರು ಮಾಡಿ. ನಾಲ್ಕು ಜೀವಿ ಬೇಡ, ಎರಡು ಸಾಕು. ನೀಲಿಯದು ಒಂದು, ಚಪ್ಪಟೆ ಹುಳು ಒಂದು.

ತಿದ್ದಿದ ಪ್ರತಿಯ ಜೊತೆ ಎರಡನೇ ಫೋಟೊದ ಮೂಲ ಫೈಲ್ ಕಳಿಸಿ. ಕತ್ತರಿಸದೆ, ಬಣ್ಣ ಏರಿಸದೆ ಇರಲಿ. ಅದರ ಎಡಮೂಲೆಯಲ್ಲಿ ಅರ್ಧ ಕಾಣುತ್ತಿರುವ ಬೂದು ಬಣ್ಣದ್ದು ಸ್ಪಂಜು ಇರಬಹುದು ಅನಿಸುತ್ತದೆ. ಸ್ಲಗ್ ಅದರ ಮೇಲಿಂದ ಇಳಿದು ಬರುತ್ತಿತ್ತಾ, ಅದರ ಕಡೆಗೆ ಹೋಗುತ್ತಿತ್ತಾ? ನೆನಪಿದ್ದರೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ, ಶಿವಮೊಗ್ಗ