ಕಾಫಿ ತುಕ್ಕಿನ ಬೀಜಾಣುವಿನಲ್ಲಿ ಮುಳ್ಳು ಕಾಣದಿದ್ದರೆ

ಸೂಕ್ಷ್ಮದರ್ಶಕದಲ್ಲಿ ಬೀಜಾಣುವಿನ ಮೇಲೆ ಮುಳ್ಳು ಕಾಣದಿದ್ದರೆ, ನೀವು ನೋಡಿರುವುದು ಬಹುಶಃ ಅದರ ನುಣುಪು ಬದಿ. ಕಾಫಿ ಎಲೆಯ ಪುಡಿಯಲ್ಲಿ ಮುಳ್ಳು ಕಾಣಲಿಲ್ಲ ಅಂತ ತುಕ್ಕು ರೋಗವೇ ಅಲ್ಲ ಅಂದುಕೊಳ್ಳಬೇಡಿ. ಈ ರೋಗ ತರುವ ಶಿಲೀಂಧ್ರ ಹೆಮಿಲಿಯಾ ವಾಸ್ಟಾಟ್ರಿಕ್ಸ್‌ನ ಬೀಜಾಣು ಕಿತ್ತಳೆ ತೊಳೆಯ ಆಕಾರದ್ದು. ಉಬ್ಬಿದ ಬೆನ್ನಿನ ಮೇಲೆ ಮಾತ್ರ ಮುಳ್ಳು, ಒಳಬದಿ ನುಣುಪು. ಗೋಧಿ ತುಕ್ಕಿನಲ್ಲಿ ಸುತ್ತಲೂ ಮುಳ್ಳಿರುತ್ತದೆ, ಆ ಚಿತ್ರಗಳ ಜೊತೆ ಹೋಲಿಸಬೇಡಿ.

ಎಲೆಯ ಅಡಿಯಿಂದ ಚೂರೇ ಚೂರು ಪುಡಿ ಕೆರೆದು ಸ್ಲೈಡ್ ಮೇಲಿನ ಒಂದು ಹನಿ ನೀರಿಗೆ ಹಾಕಿ, ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ. 40 ಪಟ್ಟಿನ ಲೆನ್ಸ್‌ಗೆ ಬಂದ ಮೇಲೆ ಕಂಡೆನ್ಸರ್‌ನ ಡಯಾಫ್ರಂ (ಸ್ಲೈಡ್‌ನ ಕೆಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ. ಇದು ಮುಖ್ಯ. ಬೆಳಕು ಜಾಸ್ತಿಯಾದರೆ ಮುಳ್ಳು ಮಾಸಿಹೋಗುತ್ತದೆ. ಆಮೇಲೆ ಕವರ್ ಸ್ಲಿಪ್ಪನ್ನು ಸೂಜಿಯಿಂದ ಮೆಲ್ಲಗೆ ತಟ್ಟಿ, ಬೀಜಾಣುಗಳು ಹೊರಳುತ್ತವೆ. ಪಕ್ಕಕ್ಕೆ ತಿರುಗಿದ್ದರ ಅಂಚಿಗೆ ಫೋಕಸ್ ಮಾಡಿ. ಆಗಲೂ ಮುಳ್ಳಿಲ್ಲದಿದ್ದರೆ ಬೇರೆ ಶಿಲೀಂಧ್ರವಿರಬಹುದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎಲೆ ತೋರಿಸಿ.