ಕೋಳಿಗೆ ತಂದ ಜಂತುಹುಳುವಿನ ಔಷಧಿ ಪಾರಿವಾಳಕ್ಕೆ ಆಗುವುದೇ?

ಪ್ರಶ್ನೆ: ಪುಣೆಯ ಧಾಯರಿಯಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ಗಿರಿರಾಜ ಕೋಳಿಗಳೂ ತಾರಸಿಯ ಗೂಡಿನಲ್ಲಿ ಪಾರಿವಾಳಗಳೂ ಇವೆ. ಕೋಳಿಗಳ ಹಿಕ್ಕೆಯಲ್ಲಿ ಬಿಳಿಯ ಉದ್ದನೆಯ ಹುಳುಗಳು ಕಾಣಿಸಿಕೊಂಡಿವೆ. ಅಂಗಡಿಯವರು ಮೇಕೆಗಳಿಗೆ ಕುಡಿಸುವ ಫೆನ್‌ಬೆಂಡಜೋಲ್ ಕೊಟ್ಟು, ನೀರಿನಲ್ಲಿ ಬೆರೆಸಿಡಲು ಹೇಳಿದ್ದಾರೆ. ಅದನ್ನೇ ಪಾರಿವಾಳಗಳಿಗೂ ಇಡಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಖಂಡಿತ ಇಡಬೇಡಿ. ಫೆನ್‌ಬೆಂಡಜೋಲ್ ಮತ್ತು ಅದೇ ಗುಂಪಿನ ಆಲ್ಬೆಂಡಜೋಲ್‌ಗಳನ್ನು ಕೋಳಿಗಳು ತಾಳಿಕೊಂಡರೂ ಪಾರಿವಾಳಗಳಲ್ಲಿ ಅವು ಮೂಳೆಯ ಮಜ್ಜೆಯನ್ನೂ ಕರುಳಿನ ಒಳಪದರವನ್ನೂ ಹಾಳುಮಾಡಿ ಸಾವಿಗೆ ಕಾರಣವಾಗಿರುವುದು ದಾಖಲಾಗಿದೆ. ಬದುಕಿ ಉಳಿದ ಹಕ್ಕಿಗಳಲ್ಲಿಯೂ ಹೊಸ ಗರಿಗಳು ವಿಕಾರವಾಗಿ ಮೂಡಬಹುದು.

ಕೋಳಿಗಳಿಗಾದರೂ ಅಂಗಡಿಯವರು ಹೇಳಿದ ಕ್ರಮ ಸರಿಯಲ್ಲ. ಮೇಕೆಗಳ ಆ ಔಷಧಿ ನೀರಿನಲ್ಲಿ ಕರಗದೆ ತಳದಲ್ಲಿ ಕೂರುವುದರಿಂದ, ಮೊದಲು ಕುಡಿದ ಕೋಳಿಗೆ ಏನೂ ಸಿಗದೆ ಕೊನೆಯದಕ್ಕೆ ಮಿತಿಮೀರಿ ಸಿಗುತ್ತದೆ. ನೀವು ಕಂಡಿರುವುದು ದುಂಡುಹುಳುವೇ ಆಗಿದ್ದರೆ ನೀರಿನಲ್ಲಿ ಕರಗುವ ಪೈಪರಜೀನ್ ಸಾಕಾಗುತ್ತದೆ. ಬೆಳೆದ ಕೋಳಿಗೆ 100 ಮಿಲಿಗ್ರಾಂ, ಆರು ವಾರದೊಳಗಿನ ಮರಿಗೆ 50 ಮಿಲಿಗ್ರಾಂ ರೂಢಿಯ ಪ್ರಮಾಣ. ಆದರೆ ಅದು ಲಾಡಿಹುಳುವಿಗೂ ಕೂದಲೆಳೆಯಂತಹ ಸಣ್ಣ ಹುಳುವಿಗೂ ನಾಟುವುದಿಲ್ಲವಾದ್ದರಿಂದ, ಮೊದಲು ಕೋಳಿ ಮತ್ತು ಪಾರಿವಾಳಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಔಂಧ್‌ನ ಪಶುರೋಗ ಪತ್ತೆ ಪ್ರಯೋಗಾಲಯಕ್ಕಾಗಲಿ ಹತ್ತಿರದ ಪಶುವೈದ್ಯರಿಗಾಗಲಿ ತಲುಪಿಸಿರಿ. ಪಾರಿವಾಳಗಳಲ್ಲಿ ಹುಳುವೇ ಇಲ್ಲದಿದ್ದರೆ ಔಷಧಿಯ ಮಾತೇ ಬೇಕಿಲ್ಲ.

ಇದ್ದರೆ, ವೈದ್ಯರು ಹೇಳಿದ ಔಷಧಿಯನ್ನು ಪ್ರತಿ ಹಕ್ಕಿಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಕೊಡಬೇಕು. ಐವರ್ಮೆಕ್ಟಿನ್ನಿನ ಲೆಕ್ಕ ನೋಡಿ: ಕಿಲೋ ತೂಕಕ್ಕೆ 0.2 ಮಿಲಿಗ್ರಾಂ ಎಂದರೆ 350 ಗ್ರಾಂ ತೂಗುವ ಪಾರಿವಾಳಕ್ಕೆ 0.07 ಮಿಲಿಗ್ರಾಂ. ದನಕರುಗಳಿಗೆ ಚುಚ್ಚುವ ಶೇಕಡಾ 1ರ ದ್ರಾವಣದಲ್ಲಿ ಇದು 0.007 ಮಿಲಿಲೀಟರ್, ಅಂದರೆ ಒಂದು ಹನಿಯೇ ಸುಮಾರು ಏಳು ಪಟ್ಟು ಹೆಚ್ಚಾಗುತ್ತದೆ! ಆದುದರಿಂದ ಹಕ್ಕಿಗಳಿಗೆಂದೇ ತೆಳುವಾಗಿ ತಯಾರಿಸಿದ್ದನ್ನು ಬರೆಸಿಕೊಳ್ಳಿರಿ. ಲೆವಾಮಿಸೋಲ್ ಕೊಟ್ಟರೆ ಪಾರಿವಾಳಗಳು ವಾಂತಿ ಮಾಡುವುದುಂಟು. ಅದು ಹೊರಬಿತ್ತೆಂದು ಮತ್ತೊಮ್ಮೆ ಕುಡಿಸಲು ಹೋಗಬೇಡಿ.

ಹಿಕ್ಕೆಯೊಂದಿಗೆ ಬಿದ್ದ ಹುಳುವಿನ ಮೊಟ್ಟೆಗಳು ತೇವದ ನೆಲದಲ್ಲಿ ಎರಡು ಮೂರು ವಾರಗಳಲ್ಲಿ ಸೋಂಕು ತಗುಲಿಸುವಷ್ಟು ಬಲಿಯುತ್ತವೆ. ಔಷಧಿ ಕೊಟ್ಟ ಮರುದಿನವೇ ಗೂಡಿನ ಹೊಟ್ಟನ್ನು ಬದಲಿಸಿ, ನೆಲವನ್ನು ಒಣಗಿಸಿರಿ. ಕೋಳಿಮೊಟ್ಟೆಗಳನ್ನು ಎಷ್ಟು ದಿನ ತಿನ್ನಬಾರದೆಂಬುದನ್ನು ಔಷಧಿ ಬರೆದುಕೊಡುವಾಗಲೇ ವೈದ್ಯರಲ್ಲಿ ಕೇಳಿಕೊಳ್ಳಿರಿ.